ಹೂವಿನಲ್ಲೇ ಕೊಂಡ ತೋಟ

2025ರ ಸಂಕ್ರಾಂತಿಗೆ ತಿಪಟೂರಿನ ಅಕ್ಕನ ಮನೆಗೆ ಬಂದ ತಮ್ಮ, ಎಳ್ಳು ಬೆಲ್ಲದ ಜೊತೆಗೆ ಬೆಂಗಳೂರಿನಿಂದ ಒಂದು ಬಣ್ಣದ ಪುಸ್ತಕವನ್ನೂ ತಂದಿದ್ದ. ಮದುವೆಯ ಕರೆಯೋಲೆಗಿಂತ ದಪ್ಪನೆಯ, ಕೈಯಿಟ್ಟರೆ ಜಾರುವಂಥ ಕಾಗದ. ಅದರ ತುಂಬ ಹದಿನೆಂಟು ಮಹಡಿಯ ಕಟ್ಟಡಗಳು, ನೀಲಿ ನೀರಿನ ಈಜುಕೊಳ, ಸಂಜೆ ಬಿಸಿಲಲ್ಲಿ ಸೈಕಲ್ ಹೊಡೆಯುವ ಮಕ್ಕಳು. ಪುಟದ ಅಡಿಯಲ್ಲಿ ಇರುವೆ ಸಾಲಿನಷ್ಟು ಸಣ್ಣ ಅಕ್ಷರಗಳಲ್ಲಿ, ಇವೆಲ್ಲ ಕಲಾವಿದನ ಕಲ್ಪನೆ ಎಂದು ಬರೆದಿತ್ತು. ಹಬ್ಬದ ದಿನ ಸಣ್ಣ ಅಕ್ಷರ ಓದುವ ವ್ಯವಧಾನ ಯಾರಿಗಿರುತ್ತದೆ?

ಮೇಷ್ಟ್ರಿಗೆ ಆಗ ಐವತ್ತೇಳು. ಪ್ರೌಢಶಾಲೆಯಲ್ಲಿ ಸಮಾಜ ಪಾಠ ಹೇಳುತ್ತಲೇ ಮೂವತ್ತು ವರ್ಷ ಕಳೆದವರು. ನಿವೃತ್ತಿಗೆ ಇನ್ನು ಮೂರು ವರ್ಷ. ಒಬ್ಬಳೇ ಮಗಳು ಬೆಂಗಳೂರಿನ ಹಾಸ್ಟೆಲಿನಲ್ಲಿದ್ದು ಎಂಜಿನಿಯರಿಂಗ್ ಕೊನೆಯ ವರ್ಷ ಓದುತ್ತಿದ್ದಳು. ಕಾಲೇಜಿನಲ್ಲೇ ಸಂದರ್ಶನ ನಡೆದು, ಜುಲೈನಲ್ಲಿ ಕೆಲಸಕ್ಕೆ ಸೇರುವ ಪತ್ರವೂ ಕೈಸೇರಿತ್ತು. ಮನೆಯಲ್ಲಿ ನೆಮ್ಮದಿ ಇತ್ತು. ನೆಮ್ಮದಿ ಇರುವ ಮನೆಗೇ ಇಂಥ ಪುಸ್ತಕಗಳು ಹುಡುಕಿಕೊಂಡು ಬರುತ್ತವೆ.

"ಭಾವ, ಈಗಿನ್ನೂ ಪಾಯ ತೆಗೀತಿದಾರೆ. ಈಗ ತಗೊಂಡ್ರೆ ಎಂಬತ್ತು ಲಕ್ಷ. ಮುಗಿಯೋ ಹೊತ್ತಿಗೆ ಒಂದು ಕೋಟಿ ದಾಟುತ್ತೆ. ನಾನು 2010ರಲ್ಲಿ ನಲವತ್ತಕ್ಕೆ ತಗೊಂಡಿದ್ದಕ್ಕೆ ಇವತ್ತು ಎಂಬತ್ತು ಕೊಡ್ತೀನಿ ಅಂತಾರೆ. ಎರಡರಷ್ಟು!" ಎಂದ ಬಾಮೈದ.

ಮೇಷ್ಟ್ರ ಬಳಿ ಇದ್ದದ್ದು ಇಪ್ಪತ್ತನಾಲ್ಕು ಲಕ್ಷ. ಅವಧಿ ಮುಗಿದ ವಿಮಾ ಪಾಲಿಸಿಯ ಹಣ, ಮನೆಯಾಕೆಯ ಹೆಸರಿನ ಠೇವಣಿ, ನಾಲ್ಕು ಎಕರೆ ತೆಂಗಿನ ತೋಟದ ಕೊಬ್ಬರಿಯಲ್ಲಿ ವರ್ಷ ವರ್ಷ ಉಳಿಸಿದ್ದು, ಎಲ್ಲಾ ಸೇರಿ ಅಷ್ಟು. ಉಳಿದದ್ದಕ್ಕೆ ಬ್ಯಾಂಕ್ ಸಾಲ. ಐವತ್ತೇಳರ ಮೇಷ್ಟ್ರಿಗೆ ಇಪ್ಪತ್ತು ವರ್ಷದ ಸಾಲ ಯಾವ ಬ್ಯಾಂಕೂ ಕೊಡುವುದಿಲ್ಲ. ಬಾಮೈದ ಅದಕ್ಕೂ ದಾರಿ ಹುಡುಕಿಯೇ ಬಂದಿದ್ದ. ಮಗಳು ಕೆಲಸಕ್ಕೆ ಸೇರಿದೊಡನೆ ಅವಳ ಹೆಸರು ಮೊದಲು, ಅಪ್ಪನ ಹೆಸರು ಆಮೇಲೆ, ಜಂಟಿ ಸಾಲ. ಹೇಗೂ ಮನೆ ಅವಳಿಗೇ ತಾನೇ?

ಅಡುಗೆಮನೆಯ ಹೊಸ್ತಿಲಲ್ಲಿ ಕೂತು ಕಬ್ಬು ತಿನ್ನುತ್ತಿದ್ದ ಹುಡುಗಿ ಮಾತಾಡಲಿಲ್ಲ. ಅವಳು ಫೆಬ್ರುವರಿಯ ಗೇಟ್ ಪರೀಕ್ಷೆಗೆ ಅರ್ಜಿ ಹಾಕಿದ್ದಳು. ಎಂ.ಟೆಕ್. ಓದುವ ಆಸೆಯನ್ನು ತಾಯಿಗೆ ಮಾತ್ರ ಹೇಳಿದ್ದಳು.

ಮುಂದಿನ ಭಾನುವಾರ ಎಲ್ಲರೂ ಸರ್ಜಾಪುರ ರಸ್ತೆಯಾಚೆಯ ಆ ಜಾಗಕ್ಕೆ ಹೋದರು. ಅಲ್ಲಿ ಇದ್ದದ್ದು ತಗಡಿನ ಬೇಲಿ, ಎರಡು ಜೆಸಿಬಿ, ಕೆಂಪು ಮಣ್ಣಿನ ಗುಡ್ಡೆ. ಆದರೆ ಬೇಲಿಯ ಪಕ್ಕದಲ್ಲಿ ಮಾದರಿ ಮನೆಯೊಂದು ಅರಮನೆಯ ತುಣುಕಿನಂತೆ ಹೊಳೆಯುತ್ತಿತ್ತು. ಒಳಗೆ ತಣ್ಣಗಿನ ಗಾಳಿ, ಮಲ್ಲಿಗೆಯ ವಾಸನೆ, ಗೋಡೆಗೆ ಆಳೆತ್ತರದ ಕನ್ನಡಿ. ಟೈ ಕಟ್ಟಿದ ಹುಡುಗ ಮೇಷ್ಟ್ರನ್ನು ಮಾತಿಗೊಮ್ಮೆ ಸರ್ ಎಂದ. ವಿಸ್ತೀರ್ಣ ಸಾವಿರದ ಇನ್ನೂರು ಅಡಿ ಎಂದ. ಮನೆಯಾಕೆ ಮಾತ್ರ ಕೋಣೆ ಕೋಣೆಗೂ ಹೋಗಿ ಕೈಯಳತೆ ಹಾಕಿದರು. ಬೀರು ಇಡಲು ಜಾಗವಿಲ್ಲ. ಮಂಚ ಮನೆಯ ಮಂಚಕ್ಕಿಂತ ಒಂದು ಗೇಣು ಗಿಡ್ಡ. ಕೋಣೆಗಳಿಗೆ ಬಾಗಿಲೇ ಇಲ್ಲ. ಬಾಗಿಲಿದ್ದರೆ ತೆರೆಯಲು ಜಾಗ ಬೇಕಲ್ಲ! ಕೇಳಿದ ಮೇಲೆ ಹುಡುಗ ಹೇಳಿದ: ಸಾವಿರದ ಇನ್ನೂರು ಎಂದರೆ ಸೂಪರ್ ಬಿಲ್ಟ್‌ಅಪ್, ಅಂದರೆ ಲಿಫ್ಟು, ಮೆಟ್ಟಿಲು, ಪಡಸಾಲೆಗಳ ಪಾಲೂ ಸೇರಿ. ಕಾಲಿಟ್ಟು ಓಡಾಡುವ ಕಾರ್ಪೆಟ್ ಏರಿಯಾ ಎಂಟುನೂರ ಐವತ್ತು. ಲೆಕ್ಕ ಕಾರ್ಪೆಟ್ ಏರಿಯಾದಲ್ಲೇ ಆಗಬೇಕೆಂದು 2016ರ ರಿಯಲ್ ಎಸ್ಟೇಟ್ ಕಾಯ್ದೆ, ಜನ ರೇರಾ ಎಂದು ಕರೆಯುವ ಕಾಯ್ದೆ, ಸ್ಪಷ್ಟವಾಗಿ ಹೇಳುತ್ತದೆ. ಕಾಯ್ದೆ ಹೇಳುವುದು ಕರಾರುಪತ್ರದಲ್ಲಿ ಇರುತ್ತದೆ, ಬಾಯಿಮಾತಿನಲ್ಲಿ ಹಳೆಯ ಲೆಕ್ಕವೇ ನಡೆಯುತ್ತದೆ.

ಹಬ್ಬದ ರಿಯಾಯಿತಿ ಅವತ್ತಿಗೇ ಕೊನೆ ಎಂದದ್ದಕ್ಕೆ ಮೇಷ್ಟ್ರು ಒಂದು ಲಕ್ಷದ ಚೆಕ್ ಬರೆದರು. ಮೂವತ್ತು ವರ್ಷ ಮಕ್ಕಳಿಗೆ, ಸಹಿ ಹಾಕುವ ಮುನ್ನ ಪೂರ್ತಿ ಓದಿ ಎಂದು ಹೇಳಿಕೊಟ್ಟವರು. ಅರ್ಜಿಯ ಹಿಂಬದಿಯನ್ನು ತಿರುಗಿಸಿಯೂ ನೋಡಲಿಲ್ಲ.

ಬಸ್ಸಿಗೆ ಕಾಯುವಾಗ ರಸ್ತೆಯ ಎದುರಿನ ಟೀ ಅಂಗಡಿಯಲ್ಲಿ ಕೂತರು. ಮೇಷ್ಟ್ರಿಗೆ ಊರು ಯಾವುದಾದರೂ ಹಿರಿಯರನ್ನು ಮಾತಾಡಿಸುವ ಚಟ. ಬೆಂಚಿನ ಮೇಲಿದ್ದ ವೃದ್ಧರನ್ನು, ಈ ಜಮೀನಿನಲ್ಲಿ ಮೊದಲು ಏನು ಬೆಳೀತಿದ್ರಿ ಅಂತ ಕೇಳಿದರು. "ರಾಗಿ. ಆ ಮೂಲೇಲಿ ಮಾತ್ರ ಭತ್ತ. ಮೇಲಿನ ಕೆರೆ ಕೋಡಿ ಬಿದ್ದರೆ ನೀರು ಇಲ್ಲೇ ಹಾದು ಹೋಗ್ತಿತ್ತು" ಎಂದರು ಅವರು, ತಗಡಿನ ಬೇಲಿಯ ಕಡೆ ಬೀಡಿ ಹಿಡಿದ ಕೈ ತೋರಿಸಿ.

ಸಮಾಜ ಪಾಠದ ಮೇಷ್ಟ್ರಿಗೆ ಅಷ್ಟು ಸಾಕಾಗಿತ್ತು. ಬೆಂಗಳೂರು ಸೀಮೆಯ ಕೆರೆಗಳು ಒಂದಕ್ಕೊಂದು ಕೊಂಡಿ ಹಾಕಿಕೊಂಡ ಸರಪಣಿ, ಮೇಲಿನದು ತುಂಬಿದರೆ ರಾಜಕಾಲುವೆಯಲ್ಲಿ ಹರಿದು ಕೆಳಗಿನದಕ್ಕೆ ಬರುತ್ತದೆ ಎಂದು ಪ್ರತಿ ವರ್ಷ ಬೋರ್ಡಿನ ಮೇಲೆ ಬರೆದು ತೋರಿಸುತ್ತಿದ್ದವರು ಅವರೇ. ಕಾಲುವೆ ಮುಚ್ಚಿದರೆ ನೀರು ತನ್ನ ಹಳೇ ದಾರಿ ಮರೆಯುವುದಿಲ್ಲ. 2022ರ ಸೆಪ್ಟೆಂಬರ್ ಮಳೆಯಲ್ಲಿ ಹೊರವರ್ತುಲ ರಸ್ತೆ, ಬೆಳ್ಳಂದೂರು, ಸರ್ಜಾಪುರ ರಸ್ತೆಯ ಆಸುಪಾಸು ಮುಳುಗಿ, ಕಂಪ್ಯೂಟರ್ ಕಂಪೆನಿಗಳ ನೌಕರರು ಟ್ರ್ಯಾಕ್ಟರ್ ಏರಿ ಕೆಲಸಕ್ಕೆ ಹೋದದ್ದನ್ನು ಟೀವಿಯಲ್ಲಿ ನೋಡಿ ಅವರು ನಕ್ಕಿದ್ದರು. ಈಗ ನಗು ಬರಲಿಲ್ಲ. ಕಟ್ಟಡ ಅದೇ ಕಾಲುವೆಯ ಮೇಲೇ ಬರುತ್ತದೆಂದು ವೃದ್ಧರು ಹೇಳಿರಲಿಲ್ಲ. ಅದನ್ನು ಗ್ರಾಮ ನಕಾಶೆ ನೋಡಿಯೇ ತಿಳಿಯಬೇಕು. ಆದರೆ ಬಣ್ಣದ ಪುಸ್ತಕದಲ್ಲಿ ಈಜುಕೊಳವಿದ್ದ ಮೂಲೆ ಅದೇ ಭತ್ತದ ಮೂಲೆಯಾಗಿತ್ತು.

ಹಾಸ್ಟೆಲಿಗೆ ಮರಳಿದ ಮಗಳು ಆ ರಾತ್ರಿ ಮಾಡಿದ ಮೊದಲ ಕೆಲಸ, ಕರ್ನಾಟಕ ರೇರಾ ಜಾಲತಾಣದಲ್ಲಿ ಆ ಯೋಜನೆಯ ಹೆಸರು ಹುಡುಕಿದ್ದು. ಐನೂರು ಚದರ ಮೀಟರಿಗಿಂತ ಹೆಚ್ಚಿನ ಜಾಗದ, ಎಂಟಕ್ಕಿಂತ ಹೆಚ್ಚು ಮನೆಗಳಿರುವ ಯಾವ ಹೊಸ ಯೋಜನೆಯೂ ಅಲ್ಲಿ ನೋಂದಾಯಿಸದೆ ಒಂದು ಜಾಹೀರಾತನ್ನೂ ಕೊಡುವಂತಿಲ್ಲ. ನೋಂದಣಿ ಇತ್ತು. ಜಮೀನಿನ ದಾಖಲೆ, ಒಪ್ಪಿಗೆ ಪಡೆದ ನಕ್ಷೆ, ಎಲ್ಲವನ್ನೂ ಏರಿಸಿದ್ದರು. ಮುಗಿಸುವ ದಿನಾಂಕದ ಮುಂದೆ 2029ರ ಡಿಸೆಂಬರ್ ಎಂದಿತ್ತು.

ಟೈ ಕಟ್ಟಿದ ಹುಡುಗ ಹೇಳಿದ್ದು 2027ರ ಡಿಸೆಂಬರ್. ಅವನನ್ನು ಫೋನಿನಲ್ಲಿ ಕೇಳಿದರೆ, "ಅದು ಸುಮ್ನೆ ಕಾನೂನಿಗೋಸ್ಕರ ಮೇಡಂ" ಎಂದ. ಕಾನೂನಿಗೋಸ್ಕರ! ಅಸಲು ಮಾತೇ ಅದು. ಮನೆ ತಡವಾದರೆ ಹಣ ವಾಪಸು ಕೇಳುವ ಹಕ್ಕು, ಬಡ್ಡಿ ಕೇಳುವ ಹಕ್ಕು ಎಲ್ಲವೂ ಕರಾರುಪತ್ರದಲ್ಲಿ ಬರೆದ ದಿನಾಂಕ ದಾಟಿದ ಮೇಲೆ ಹುಟ್ಟುತ್ತವೆ. ಆ ಹುಡುಗನ ನಾಲಿಗೆಯ ದಿನಾಂಕಕ್ಕೂ ಜಾಲತಾಣದ ದಿನಾಂಕಕ್ಕೂ ನಡುವಿನ ಎರಡು ವರ್ಷ ಯಾರ ತಪ್ಪೂ ಅಲ್ಲ. ಅದರ ಬಡ್ಡಿ ಮಾತ್ರ ಕೊಂಡವರದು.

ಎಷ್ಟು ಬಡ್ಡಿ? ಹುಡುಗಿ ಮರುದಿನ ಕಾಲೇಜಿನ ಲಾಂಗ್ ನೋಟ್‌ಬುಕ್ಕಿನಲ್ಲಿ ಲೆಕ್ಕ ಹಾಕಿದಳು. ವಿದ್ಯಾರ್ಥಿಗಳು ಇದನ್ನು ಒಮ್ಮೆ ತಾವೂ ಹಾಕಿ ನೋಡಬಹುದು, ಎಂಟನೇ ತರಗತಿಯ ಬಡ್ಡಿ ಲೆಕ್ಕಕ್ಕಿಂತ ಹೆಚ್ಚಿನದೇನೂ ಬೇಡ. ಅದೇ ರಸ್ತೆಯಲ್ಲಿ ಐದು ವರ್ಷದ ಹಿಂದೆಯೇ ಮುಗಿದು ಜನ ವಾಸವಾಗಿದ್ದ ಕಟ್ಟಡದಲ್ಲಿ, ಅಷ್ಟೇ ಅಳತೆಯ ಮನೆಯನ್ನು 86 ಲಕ್ಷಕ್ಕೆ ಮಾರುವವರಿದ್ದರು. ಹೊಸದು 80 ಲಕ್ಷ. ಮೇಲ್ನೋಟಕ್ಕೆ ಆರು ಲಕ್ಷ ಅಗ್ಗ. ಆದರೆ ಕಟ್ಟುತ್ತಿರುವ ಮನೆಗೆ ನೂರಕ್ಕೆ ಐದರಂತೆ ಜಿಎಸ್‌ಟಿ ಉಂಟು, ಅಂದರೆ 4 ಲಕ್ಷ. ಮುಗಿದು, ವಾಸಯೋಗ್ಯವೆಂಬ ಪ್ರಮಾಣಪತ್ರ ಪಡೆದು, ಜನ ವಾಸವಿರುವ ಮನೆಗೆ ಆ ತೆರಿಗೆ ಇಲ್ಲ. ಆರು ಲಕ್ಷದಲ್ಲಿ ಉಳಿದದ್ದು ಎರಡು. ಅಪ್ಪನ 24 ಲಕ್ಷ ಕಳೆದರೆ ಹೊಸದಕ್ಕೆ 60 ಲಕ್ಷ ಸಾಲ, ಹಳೆಯದಕ್ಕೆ 62. ನೋಂದಣಿಯ ಖರ್ಚು ಎರಡಕ್ಕೂ ಹೆಚ್ಚುಕಡಿಮೆ ಒಂದೇ ಆದ್ದರಿಂದ ಬಿಟ್ಟಳು.

ಬ್ಯಾಂಕು ಹೇಳಿದ ಬಡ್ಡಿ ಎಂಟೂವರೆ. ಹೊಸ ಮನೆಯ ಸಾಲ ಮಹಡಿ ಏರಿದಂತೆಲ್ಲ ಕಂತು ಕಂತಾಗಿ ಬಿಡುಗಡೆಯಾಗುವುದರಿಂದ, ಮೂರು ವರ್ಷದ ಸರಾಸರಿ 30 ಲಕ್ಷ ಎಂದು ಹಿಡಿದರೆ ಬಡ್ಡಿ 7 ಲಕ್ಷ 65 ಸಾವಿರ. ಹಳೆಯದಕ್ಕೆ ಮೊದಲ ದಿನದಿಂದಲೇ ಪೂರ್ತಿ ಬಡ್ಡಿ, ಮೂರು ವರ್ಷಕ್ಕೆ 15 ಲಕ್ಷ 81 ಸಾವಿರ. ಆದರೆ ಅದಕ್ಕೆ ಬಾಡಿಗೆ ಬರುತ್ತದೆ. ತಿಂಗಳಿಗೆ 25,000ದಲ್ಲಿ ನಿರ್ವಹಣೆ, ಕಂದಾಯ ಎಂದು 4,000 ಕಳೆದರೂ ಮೂರು ವರ್ಷಕ್ಕೆ 7 ಲಕ್ಷ 56 ಸಾವಿರ. ಎಲ್ಲ ಕೂಡಿ ಕಳೆದಾಗ ಹೊಸ ಮನೆಗೆ ಬಿದ್ದದ್ದು 91 ಲಕ್ಷ 65 ಸಾವಿರ, ಹಳೆಯದಕ್ಕೆ 94 ಲಕ್ಷ 25 ಸಾವಿರ. ಹೇಳಿದ ದಿನಕ್ಕೆ ಕೀಲಿಕೈ ಕೊಟ್ಟರೆ ಹೊಸದರಲ್ಲಿ ಎರಡು ಲಕ್ಷ ಅರವತ್ತು ಸಾವಿರ ಉಳಿಯುತ್ತದೆ. ಬಾಮೈದನ ಮಾತು ಪೂರ್ತಿ ಸುಳ್ಳೇನಲ್ಲ.

ಆಮೇಲೆ ಅವಳು ಇನ್ನೆರಡು ವರ್ಷ ಸೇರಿಸಿದಳು, ಜಾಲತಾಣದ ದಿನಾಂಕದವರೆಗೆ. ಅಷ್ಟು ಹೊತ್ತಿಗೆ ಸಾಲವೆಲ್ಲ ಬಿಡುಗಡೆಯಾಗಿರುತ್ತದೆ ಎಂದಿಟ್ಟುಕೊಂಡರೆ ಹೊಸ ಮನೆಗೆ ಮತ್ತೆ 10 ಲಕ್ಷ 20 ಸಾವಿರ ಬಡ್ಡಿ, ಬಾಡಿಗೆ ಸೊನ್ನೆ. ಹಳೆಯದಕ್ಕೆ ಬಾಡಿಗೆ ಕಳೆದು 5 ಲಕ್ಷ 50 ಸಾವಿರ. ಈಗ ಹೊಸದೇ ಎರಡು ಲಕ್ಷದ ಮೇಲೆ ದುಬಾರಿ. ಬಿಲ್ಡರು ಕಾನೂನಿನ ಒಂದು ಅಕ್ಷರವನ್ನೂ ಮೀರದೆ, ಒಂದು ದಿನವೂ ತಡಮಾಡದೆ ಮುಗಿಸಿದಾಗಿನ ಲೆಕ್ಕ ಇದು. ಮುಗಿಸದೇ ಹೋದರೆ ಎಂಬ ಸಾಲಿನ ಮುಂದೆ ಅವಳು ಪ್ರಶ್ನಾರ್ಥಕ ಚಿಹ್ನೆ ಹಾಕಿ ಬಿಟ್ಟಿದ್ದಳು.

ಶನಿವಾರ ಊರಿಗೆ ಬಂದು ನೋಟ್‌ಬುಕ್ ತೋರಿಸಿದಳು. "ಅಪ್ಪಾ, ಇನ್ನೊಂದು ನೋಡು. ಮಾವ ಎರಡರಷ್ಟಾಯ್ತು ಅಂತಾರಲ್ಲ, ಹದಿನೈದು ವರ್ಷದಲ್ಲಿ. ಎಪ್ಪತ್ತೆರಡನ್ನ ಹದಿನೈದರಿಂದ ಭಾಗಿಸು. ವರ್ಷಕ್ಕೆ ಐದು ಪರ್ಸೆಂಟೂ ಇಲ್ಲ." ಎಪ್ಪತ್ತೆರಡನ್ನು ವರ್ಷಗಳಿಂದ ಭಾಗಿಸಿದರೆ ಹಣ ಇಮ್ಮಡಿಯಾಗಲು ಬೇಕಾದ ಬಡ್ಡಿಯ ದರ ಸುಮಾರಾಗಿ ಸಿಗುತ್ತದೆ. ಬಾಮೈದನಿಗೆ ಅದು ನಷ್ಟವೆಂದಲ್ಲ. ಅವನು ಅದೇ ಮನೆಯಲ್ಲಿ ಹದಿನೈದು ವರ್ಷ ಸಂಸಾರ ಮಾಡಿದ್ದ, ಅಷ್ಟು ವರ್ಷದ ಬಾಡಿಗೆ ಉಳಿಸಿದ್ದ. ಇರಲು ಕೊಂಡ ಮನೆಯ ಲೆಕ್ಕವೇ ಬೇರೆ, ಬೆಲೆ ಏರಲೆಂದು ಕೊಳ್ಳುವ ಮನೆಯ ಲೆಕ್ಕವೇ ಬೇರೆ. ಖರ್ಚು ಕಳೆದು ನೂರಕ್ಕೆ ಮೂರೂ ತರದ ಬಾಡಿಗೆಯ ಆಸೆಗೆ ನೂರಕ್ಕೆ ಎಂಟೂವರೆಯ ಸಾಲ ಮಾಡುವವನು, ನಡುವಿನ ಅಂತರವನ್ನು ಬೆಲೆ ಏರಿಕೆ ತುಂಬಿಕೊಡುತ್ತದೆಂದು ನಂಬಿಯೇ ಮಾಡಬೇಕು.

ಮೇಷ್ಟ್ರು ಕನ್ನಡಕ ಒರೆಸಿಕೊಳ್ಳುತ್ತಾ, ಸರ್ಕಾರ ಕಾನೂನು ಮಾಡಿದೆಯಲ್ಲ ಎಂದರು. ಮಾಡಿದೆ, ಒಳ್ಳೆಯ ಕಾನೂನೇ. ಕೊಂಡವರಿಂದ ಬಂದ ಹಣದಲ್ಲಿ ನೂರಕ್ಕೆ ಎಪ್ಪತ್ತನ್ನು ಬೇರೆ ಖಾತೆಯಲ್ಲಿಟ್ಟು ಆ ಯೋಜನೆಯ ಜಮೀನಿಗೂ ನಿರ್ಮಾಣಕ್ಕೂ ಮಾತ್ರ ಬಳಸಬೇಕು. ಕರಾರುಪತ್ರ ನೋಂದಾಯಿಸದೆ ನೂರಕ್ಕೆ ಹತ್ತಕ್ಕಿಂತ ಹೆಚ್ಚು ಪಡೆಯುವಂತಿಲ್ಲ. ಕಟ್ಟಡದಲ್ಲಿ ದೋಷ ಕಂಡರೆ ಐದು ವರ್ಷ ಬಿಲ್ಡರೇ ಹೊಣೆ. ಈ ಕಾನೂನು ಬರುವ ಮುಂಚೆ ಉತ್ತರ ಪ್ರದೇಶದ ನೊಯ್ಡಾದಲ್ಲಿ ಏನಾಯಿತೆಂಬುದಕ್ಕೆ ಆಮ್ರಪಾಲಿ ಪ್ರಕರಣ ಸಾಕ್ಷಿ. ಸುಮಾರು 42,000 ಜನ ಹಣ ಕೊಟ್ಟು ಕಾದರು, ಹಣ ಬೇರೆಡೆಗೆ ಹರಿಯಿತು. 2019ರಲ್ಲಿ ಸುಪ್ರೀಂ ಕೋರ್ಟ್ ಆ ಕಂಪೆನಿಯ ನೋಂದಣಿ ರದ್ದುಮಾಡಿ, ಉಳಿದ ಮನೆ ಕಟ್ಟುವ ಕೆಲಸವನ್ನು ಸರ್ಕಾರಿ ಸಂಸ್ಥೆ ಎನ್‌ಬಿಸಿಸಿಗೆ ವಹಿಸಿತು. ಹತ್ತು ವರ್ಷದ ಹಿಂದೆ ಬಾಡಿಗೆಯನ್ನೂ ಕಂತನ್ನೂ ಒಟ್ಟಿಗೆ ಕಟ್ಟಲು ಶುರುಮಾಡಿದವರಿಗೆ ಆ ತೀರ್ಪು ನ್ಯಾಯ ಕೊಟ್ಟಿತು, ವರ್ಷಗಳನ್ನು ಕೊಡಲಿಲ್ಲ.

ಅದೇ ನೊಯ್ಡಾದಲ್ಲಿ 2022ರ ಆಗಸ್ಟ್ 28ರಂದು, ನಿಯಮ ಮೀರಿ ಕಟ್ಟಿದ ಸುಮಾರು ನೂರು ಮೀಟರ್ ಎತ್ತರದ ಅವಳಿ ಗೋಪುರಗಳನ್ನು ಕೋರ್ಟಿನ ಆದೇಶದಂತೆ ಸ್ಫೋಟಿಸಿ ಕೆಡವಿದ್ದನ್ನು ದೇಶವೆಲ್ಲ ನೋಡಿತು. ಅಲ್ಲಿ ಮನೆ ಕೊಂಡವರಿಗೆ ಹನ್ನೆರಡು ಪರ್ಸೆಂಟ್ ಬಡ್ಡಿ ಸಮೇತ ಹಣ ಹಿಂದಿರುಗಿಸಲು ಕೋರ್ಟ್ ಹೇಳಿತ್ತು. ಕೊಚ್ಚಿಯ ಮರಡುವಿನ ಕಥೆ ಇನ್ನೂ ಕಠೋರ. ಪಂಚಾಯಿತಿಯ ಪರವಾನಗಿ ಇತ್ತು, ಮನೆಗಳು ಮುಗಿದಿದ್ದವು, ಜನ ವಾಸವಾಗಿದ್ದರು. ಕರಾವಳಿ ವಲಯದ ನಿಯಮ ಮುರಿದಿದ್ದಕ್ಕಾಗಿ 2020ರ ಜನವರಿಯಲ್ಲಿ ನಾಲ್ಕು ಸಮುಚ್ಚಯಗಳು ಎರಡೇ ದಿನದಲ್ಲಿ ನೆಲಸಮವಾದವು. ಮಧ್ಯಂತರ ಪರಿಹಾರವೆಂದು ಒಂದೊಂದು ಮನೆಗೆ 25 ಲಕ್ಷ ಕೊಡಲು ಕೋರ್ಟ್ ಹೇಳಿತು. ನೆಲದ ಮೇಲಿನ ತಪ್ಪು ಹದಿನೆಂಟನೇ ಮಹಡಿಯವರೆಗೂ ಏರಬಲ್ಲುದು. ಭತ್ತದ ಮೂಲೆಯ ವಿಷಯ ಮೇಷ್ಟ್ರ ತಲೆಯಿಂದ ಹೋಗದೆ ಉಳಿದದ್ದು ಅದಕ್ಕೇ.

ಇಷ್ಟು ಹೊತ್ತೂ ಹುಣಸೆಹಣ್ಣು ಬಿಡಿಸುತ್ತಾ ಕೂತಿದ್ದ ಮನೆಯಾಕೆ ಆಗ ಬಾಯಿಬಿಟ್ಟರು. ಅವರ ತವರು ಶ್ರೀನಿವಾಸಪುರದ ಕಡೆ. ಅವರ ತಂದೆ ಮಾವಿನ ತೋಟವನ್ನು ವರ್ಷವೂ ಹೂವಿನಲ್ಲೇ ಗುತ್ತಿಗೆಗೆ ಕೊಡುತ್ತಿದ್ದರು. ಮರ ಹೂವು ಹೊತ್ತಾಗ ವ್ಯಾಪಾರಿ ಬಂದು, ತೋಟ ಸುತ್ತಿ, ಬೆಲೆ ಕಟ್ಟಿ ಮುಂಗಡ ಕೊಡುತ್ತಿದ್ದ. ಆಮೇಲೆ ಇಬ್ಬನಿ ಬೀಳಲಿ, ಜಿಗಿಹುಳು ಹತ್ತಲಿ, ಆಲಿಕಲ್ಲು ಸುರಿಯಲಿ, ಅದು ಅವನ ಹಣೆಬರಹ.

"ಹೂವಿನಲ್ಲಿ ತೋಟ ಹಿಡಿಯೋನು ಹಣ್ಣಿನ ಬೆಲೆ ಕೊಡಲ್ಲ ಕಣ್ರೀ. ಅರ್ಧ ಕೊಟ್ರೆ ಹೆಚ್ಚು. ಗಾಳಿ ಮಳೆ ಅವನ ತಲೆ ಮೇಲಲ್ವ? ಇವರು ನಮಗೆ ಹೂವು ತೋರಿಸಿ ಹಣ್ಣಿನ ಬೆಲೆ ಕೇಳ್ತಾವ್ರೆ" ಎಂದರು. ಸ್ವಲ್ಪ ತಡೆದು, "ಆ ವ್ಯಾಪಾರಿಗೆ ಹತ್ತು ತೋಟ ಇರೋವು. ಒಂದು ಹೋದ್ರೆ ಇನ್ನೊಂದ್ರಲ್ಲಿ ಬರೋದು. ನಮಗಿರೋದು ಇದೊಂದೇ" ಎಂದರು. ಯಾವುದು ಇದೊಂದೇ, ಹಣವೋ ಮಗಳೋ, ಬಿಡಿಸಿ ಹೇಳಲಿಲ್ಲ.

ಹಣ ಇದ್ದು, ಹತ್ತು ಕಡೆ ಹಂಚಿ, ಒಂದು ಹೊಸ ಯೋಜನೆಗೂ ಹಾಕುವವನ ಮಾತು ಬೇರೆ. ಅವನಿಗೆ ಎರಡು ವರ್ಷ ತಡವೆಂದರೆ ತಲೆನೋವು, ಅಷ್ಟೆ. ಮೇಷ್ಟ್ರ ಮನೆಗೆ ತಡವೆಂದರೆ ಏನೆಂದು ಮಗಳು ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಬರೆದಿದ್ದಳು, ತೋರಿಸಲು ಹಿಂದೇಟು ಹಾಕುತ್ತಿದ್ದಳು. ತಾಯಿ ಕಣ್ಸನ್ನೆ ಮಾಡಿದ ಮೇಲೆ ಪುಟ ತಿರುಗಿಸಿದಳು. 60 ಲಕ್ಷಕ್ಕೆ ಎಂಟೂವರೆ ಬಡ್ಡಿಯಲ್ಲಿ ಇಪ್ಪತ್ತು ವರ್ಷದ ಮಾಸಿಕ ಕಂತು ಸುಮಾರು 52,000. ಕೈಗೆ ಬರುವ ಸಂಬಳ 65,000. ಒಟ್ಟು ಕಟ್ಟುವುದು ಒಂದು ಕಾಲು ಕೋಟಿಯ ಹತ್ತಿರ. ಕಂತು ಮುಗಿಯುವ ಹೊತ್ತಿಗೆ ಅವಳಿಗೆ ನಲವತ್ತೆರಡು. ಅದರ ಕೆಳಗೆ ಗೇಟ್ ಪರೀಕ್ಷೆಯ ಪ್ರವೇಶಪತ್ರವನ್ನು ಮಡಿಸಿ ಇಟ್ಟಿದ್ದಳು.

ಮೇಷ್ಟ್ರು ಪ್ರವೇಶಪತ್ರವನ್ನು ಬಿಡಿಸಿ, ಫೋಟೋ ನೋಡಿ, ಮತ್ತೆ ಮಡಿಸಿದರು. "ಇದನ್ನ ಮೊದಲೇ ಯಾಕೆ ಹೇಳಲಿಲ್ಲ?" ಎಂದರು. "ನೀನು ಅಷ್ಟು ಖುಷಿಯಾಗಿದ್ದೆ ಅಪ್ಪಾ" ಎಂದಳು.

ಬುಕಿಂಗ್ ರದ್ದು ಮಾಡಿಸಲು ನಾಲ್ಕು ಸಲ ಬೆಂಗಳೂರಿಗೆ ಹೋಗಬೇಕಾಯಿತು. ಅರ್ಜಿಯ ಹಿಂಬದಿಯಲ್ಲಿ, ಹಿಂತೆಗೆದರೆ ಕಡಿತ ಉಂಟೆಂದು ಅದೇ ಇರುವೆ ಸಾಲಿನ ಅಕ್ಷರದಲ್ಲಿ ಬರೆದಿತ್ತು. ಮೂರು ತಿಂಗಳ ಮೇಲೆ ಇಪ್ಪತ್ತೈದು ಸಾವಿರ ಮುರಿದುಕೊಂಡು ಉಳಿದದ್ದನ್ನು ಕೊಟ್ಟರು. ರೇರಾಕ್ಕೆ ದೂರು ಕೊಡೋಣ ಎಂದು ಮಗಳು ಕೂತಳು, ಮೇಷ್ಟ್ರು ಬೇಡವೆಂದರು. ಜೀವಮಾನದಲ್ಲಿ ಯಾವ ಹುಡುಗನ ಹತ್ತಿರವೂ ಟ್ಯೂಷನ್ ಫೀಸು ತೆಗೆದುಕೊಳ್ಳದವರು ಅವರು. ಇದು ತಾನು ಕಟ್ಟಿದ ಟ್ಯೂಷನ್ ಫೀಸು ಎಂದು ಸ್ಟಾಫ್ ರೂಮಿನಲ್ಲಿ ಹೇಳಿಕೊಂಡು ನಕ್ಕರು. ದೂರು ಕೊಡಬೇಕಿತ್ತು ಎಂದವರೂ ಅಲ್ಲಿದ್ದರು. ಅವರ ಮಾತೇ ಸರಿ.

ಹುಡುಗಿಯ ಗೇಟ್ ಫಲಿತಾಂಶ ಮಾರ್ಚಿಯಲ್ಲಿ ಬಂತು. ಹೇಳಿಕೊಳ್ಳುವಂಥದ್ದೇನೂ ಆಗಿರಲಿಲ್ಲ. ಜುಲೈನಲ್ಲಿ ಕೆಲಸಕ್ಕೆ ಸೇರಿದಳು, ಇನ್ನೊಮ್ಮೆ ಬರೆಯುತ್ತೇನೆ ಎಂದಳು. ಕಂತಿಲ್ಲದವಳು ಹಾಗೆ ಹೇಳಬಹುದು. ಬಾಮೈದ ಬಂದಾಗಲೆಲ್ಲ ಅದೇ ಯೋಜನೆಯ ರೇಟು ಎಲ್ಲಿಗೆ ಏರಿದೆ ಎಂದು ಹೇಳುತ್ತಾನೆ. ಕೇಳಿದಾಗ ಮೇಷ್ಟ್ರ ಹೊಟ್ಟೆ ಒಂದು ಕ್ಷಣ ಚುರ್ ಎನ್ನುತ್ತದೆ.

ಅವರ ನಂಬರು ಮಾತ್ರ ಎಲ್ಲ ಬಿಲ್ಡರುಗಳ ಪಟ್ಟಿಗೂ ಸೇರಿಬಿಟ್ಟಿದೆ. ಭಾನುವಾರ ಬೆಳಿಗ್ಗೆ ತೋಟದಲ್ಲಿ ಬಿದ್ದ ಗರಿ ಆಯುತ್ತಿರುವಾಗ ಫೋನು ಬರುತ್ತದೆ: ಸರ್, ಹೊಸ ಲಾಂಚ್, ಇವತ್ತೇ ಕೊನೆ. 2024ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್, ವಾಸಯೋಗ್ಯ ಪ್ರಮಾಣಪತ್ರವಿಲ್ಲದ ಕಟ್ಟಡಕ್ಕೆ ವಿದ್ಯುತ್ತು, ನೀರು, ಒಳಚರಂಡಿ ಸಂಪರ್ಕ ಕೊಡಬಾರದೆಂದು ಹೇಳಿದ್ದನ್ನು ಮೇಷ್ಟ್ರು ಪತ್ರಿಕೆಯಿಂದ ಕತ್ತರಿಸಿ ಡೈರಿಯಲ್ಲಿ ಇಟ್ಟುಕೊಂಡಿದ್ದಾರೆ. ಮೊದಲಾದರೆ ಹಾಂ ಹೂಂ ಎಂದು ಕೇಳುತ್ತಿದ್ದವರು, ಈಗ ಗರಿಯನ್ನು ಕಂಕುಳಿಗೆ ಸೇರಿಸಿಕೊಂಡು ಒಂದೇ ಪ್ರಶ್ನೆ ಕೇಳುತ್ತಾರೆ.

"ಓ.ಸಿ. ಬಂದಿದೆಯಾ ಅಪ್ಪಾ?"

ಆ ಕಡೆಯ ಹುಡುಗ, ಒಂದು ನಿಮಿಷ ಸರ್ ಎನ್ನುತ್ತಾನೆ. ಮೇಷ್ಟ್ರು ಕಾಯುತ್ತಾರೆ.